ತುಳಿಯದೇ ಬೆಟ್ಟ ಏರಿದ ಸೈಕಲ್ಲು

"ಮೊದಲು ಒಂದು ಮಾತು ಹೇಳಿಬಿಡಿ ಮೇಡಂ. ತರಬೇತಿಗೋ, ದಾರಿಗೋ?"

ಸೈಕಲ್ ಅಂಗಡಿಯ ಯಜಮಾನರು ಗಾಜಿನ ಕಪಾಟಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಕಪಾಟಿನೊಳಗೆ ಹ್ಯಾಂಡಲಿಗೆ ಕಟ್ಟುವ ಹತ್ತು ಹನ್ನೆರಡು ಸೈಕಲ್ ಕಂಪ್ಯೂಟರ್‌ಗಳು ಸಾಲಾಗಿ ಮಲಗಿದ್ದವು. ಕೆಲವು ಬೆಂಕಿಪೊಟ್ಟಣದಷ್ಟು, ಕೆಲವು ಅಂಗೈಯಷ್ಟು. ಯಾವುದಕ್ಕೆ ಬೇಕು ಎಂದು ಗಿರಾಕಿ ಬಾಯಿ ಬಿಡುವ ತನಕ ಒಂದನ್ನೂ ಹೊರಗೆ ತೆಗೆಯಬಾರದು ಎಂಬುದು ಅವರ ಪದ್ಧತಿ.

"ಎರಡಕ್ಕೂ ಆಗೋದು ಇಲ್ವಾ?" ಎಂದರು ವಿಮೆ ಮೇಡಂ.

"ಇದೆ. ಅದನ್ನ ತಗೊಂಡೋರು ಮೂರೇ ತಿಂಗಳಿಗೆ ವಾಪಸ್ ಬಂದು ನನ್ನ ಜೊತೆ ಜಗಳ ಆಡ್ತಾರೆ. ದಾರಿ ನೋಡೋರಿಗೆ ಅಂಕಿ ಬೇಡ, ಅಂಕಿ ನೋಡೋರಿಗೆ ದಾರಿ ಬೇಡ. ನೀವು ಯಾರ ಪೈಕಿ?"

ವಿಮೆ ಮೇಡಂ ಯಾರ ಪೈಕಿಯೂ ಅಲ್ಲ. ಅವರು ಕೊನೆಯ ಸಲ ಸೈಕಲ್ ಹತ್ತಿದ್ದು ಹೈಸ್ಕೂಲಿನಲ್ಲಿ. ಅದನ್ನೂ ಇಳಿಯಲು ಬಾರದೆ ಹೆಡ್‌ಮಾಸ್ಟರ ಮನೆಯ ಕಾಂಪೌಂಡಿಗೆ ಗುದ್ದಿ ನಿಲ್ಲಿಸಿದ್ದರು. ವಿಮಾ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಸುಟ್ಟ ಗೋದಾಮು, ಗುದ್ದಿದ ಲಾರಿ, ಮುಳುಗಿದ ದೋಣಿಗಳನ್ನು ನೋಡಿ, ಇದು ನಿಜವೋ ನಾಟಕವೋ ಎಂದು ವರದಿ ಬರೆದು ನಿವೃತ್ತರಾದವರು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಈಗ ಕಷ್ಟದಲ್ಲಿರುವವರು ಅವರ ಮನೆಯ ಬಾಗಿಲು ತಟ್ಟುತ್ತಾರೆ.

ಹೋದ ಭಾನುವಾರ ಬೆಳಗ್ಗೆ ಸೈಕಲ್ ಕ್ಲಬ್ಬಿನ ಕೋಚ್ ಬೆಟ್ಟದ ರಸ್ತೆಯ ಕೊನೆಯ ತಿರುವಿನ ಕೆಳಗೆ ಹೆಣವಾಗಿ ಸಿಕ್ಕಿದ್ದರು. ತಲೆಯ ಹಿಂದಿನ ಗಾಯ ಬಿದ್ದು ಆದದ್ದಲ್ಲ, ಹೊಡೆದು ಆದದ್ದು ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಪೊಲೀಸರು ಇದೇ ಅಂಗಡಿಯ ಮೆಕ್ಯಾನಿಕ್ ಕಡ್ಡಿಯನ್ನು ಹಿಡಿದು ಒಳಗೆ ಹಾಕಿದ್ದರು. ಚಕ್ರದ ಕಡ್ಡಿಯ ಹಾಗೆ ಸಣ್ಣಗಿದ್ದಾನೆಂದು ಅವನಿಗೆ ಆ ಹೆಸರು. ಶನಿವಾರ ಸಂಜೆ ಅವನು ಕೋಚ್ ಜೊತೆ ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದ್ದ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಪೊಲೀಸ್ ಕಸ್ಟಡಿ ಮುಗಿದು ಇವತ್ತು ಮೂರು ಗಂಟೆಗೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಕೊಲೆ ಆರೋಪದ ಮೇಲೆ ಒಮ್ಮೆ ಜೈಲಿನ ಬಾಗಿಲು ದಾಟಿದರೆ ಹೊರಗೆ ಬರಲು ವರ್ಷಗಳೇ ಹಿಡಿದಾವು. ಅವನ ತಂಗಿ ಆಸ್ಪತ್ರೆಯಲ್ಲಿ ನರ್ಸು. ಯೂನಿಫಾರ್ಮಿನಲ್ಲೇ ಬಂದು ಮೇಡಂ ಕೈ ಹಿಡಿದುಕೊಂಡು ಅತ್ತಿದ್ದಳು. "ನನಗೆ ಅಪ್ಪ, ಅಮ್ಮ ಎರಡೂ ಅವನೇ ಮೇಡಂ. ಹೇಗಾದ್ರೂ ಮಾಡಿ ಬಿಡಿಸಿಕೊಡಿ." ಮೇಡಂ ಮಾತು ಕೊಟ್ಟುಬಿಟ್ಟಿದ್ದರು. ಮಾತು ಕೊಡುವುದು ಸುಲಭ ಎಂದು ಆಮೇಲೆ ತಮ್ಮನ್ನು ತಾವೇ ಬೈದುಕೊಂಡಿದ್ದರು.

ಗೋಡೆಯ ಗಡಿಯಾರದಲ್ಲಿ ಒಂದೂ ನಲವತ್ತು.

"ತರಬೇತಿಗೆ. ನನಗೇ" ಎಂದರು ಮೇಡಂ, ಮುಖ ಬಿಗಿಹಿಡಿದು.

ಯಜಮಾನರ ಕಣ್ಣು ಅವರ ಕೈಯ ಊರುಗೋಲಿನ ಮೇಲೆ ಒಂದು ಗಳಿಗೆ ನಿಂತಿತು. ನಗು ನುಂಗಿಕೊಂಡು ಎರಡು ಪೆಟ್ಟಿಗೆ ಹೊರಗೆ ತೆಗೆದರು.

"ಇದು ನೋಡಿ, ದೊಡ್ಡದು. ಬಣ್ಣದ ಮ್ಯಾಪು. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅನ್ನುತ್ತೆ, ದಾರಿ ತಪ್ಪಿದ್ರೆ ಕೂಗುತ್ತೆ. ಕಾಣದ ಊರು ಸುತ್ತೋರಿಗೆ ಇದನ್ನೇ ಕೊಡ್ತೀನಿ. ಆದ್ರೆ ಇಡೀ ದಿನ ಮ್ಯಾಪು ಹಚ್ಚಿಟ್ರೆ ಸಂಜೆಗೆ ಬ್ಯಾಟರಿ ಮಲಗಿಬಿಡುತ್ತೆ. ಇದು ಚಿಕ್ಕದು. ಇದರಲ್ಲಿ ದಾರಿ ಅಂದ್ರೆ ಬರೀ ಒಂದು ಗೆರೆ. ಆದ್ರೆ ನಿಮಿಷಕ್ಕೆ ಕಾಲು ಎಷ್ಟು ಸಲ ತುಳೀತು, ಎದೆ ಎಷ್ಟು ಬಡೀತು, ಏರು ಎಷ್ಟಿತ್ತು, ಒಂದೊಂದು ಸೆಕೆಂಡನ್ನೂ ಬರ್ಕೊಳ್ಳುತ್ತೆ. ಗುಂಡಿ ಇರೋದ್ರಿಂದ ಬೆವತ ಕೈಯಲ್ಲೂ ಒತ್ತಬಹುದು. ಮುಟ್ಟಿದ್ರೆ ಓಡೋ ಪರದೆ ಬೆವರು ಬಿದ್ರೆ ತಾನೇ ಕುಣಿಯುತ್ತೆ."

"ಕೋಚ್ ಹತ್ರ ಇದ್ದಿದ್ದು ಯಾವುದು?"

ಯಜಮಾನರ ಕೈ ಪೆಟ್ಟಿಗೆಯ ಮೇಲೇ ನಿಂತಿತು.

"ಚಿಕ್ಕದು. ಆ ಬೆಟ್ಟದ ಒಂದೊಂದು ಗುಂಡಿಯೂ ಅವರಿಗೆ ಬಾಯಿಪಾಠ. ಮ್ಯಾಪು ಯಾಕೆ ಬೇಕು?" ಪೆಟ್ಟಿಗೆಯನ್ನು ಮುಚ್ಚಿ ಹೇಳಿದರು: "ನೀವು ಕೊಳ್ಳೋಕೆ ಬಂದೋರಲ್ಲ. ಊರುಗೋಲು ಹಿಡ್ಕೊಂಡು ತರಬೇತಿಗೆ ಅಂದಾಗಲೇ ಅಂದ್ಕೊಂಡೆ. ಕಡ್ಡಿ ತಂಗಿ ಕಳಿಸಿದ್ದಲ್ವಾ?"

"ಹೌದು. ಆದ್ರೂ ನನ್ನನ್ನ ಗಿರಾಕಿ ಅಂದ್ಕೊಂಡೇ ಹೇಳಿ ಯಜಮಾನ್ರೇ. ಈ ಯಂತ್ರ ಸುಳ್ಳು ಬರ್ಕೊಳ್ಳೋದು ಉಂಟಾ?"

"ಯಂತ್ರ ಸುಳ್ಳು ಬರ್ಕೊಳ್ಳಲ್ಲ. ನಾವು ಅದರ ಕೈಲಿ ಬರೆಸ್ತೀವಿ." ಅಂಗಡಿಯವರಿಗೆ ತಮ್ಮ ವಿದ್ಯೆಯ ಮಾತು ಬಂದರೆ ನಾಲಿಗೆ ನಿಲ್ಲುವುದಿಲ್ಲ. ಯಜಮಾನರೂ ಅದಕ್ಕೆ ಹೊರತಲ್ಲ. ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಮೇಡಂ ಕಡೆ ತಿರುಗಿಸಿದರು. "ಈ ಗೆರೆ ನೋಡಿ. ನಮ್ಮ ಕ್ಲಬ್ಬಿನ ಒಬ್ಬ ದಂತವೈದ್ಯರದ್ದು. ನಲವತ್ತು ಕಿಲೋಮೀಟರು ತುಳಿದ್ರು, ಸುಸ್ತಾಯ್ತು, ಹೆಂಡತೀನ ಕರೆಸಿ ಸೈಕಲ್ಲನ್ನ ಕಾರಿನ ಮೇಲೆ ಕಟ್ಟಿಸ್ಕೊಂಡು ಮನೆಗೆ ಹೋದ್ರು. ಯಂತ್ರ ನಿಲ್ಲಿಸೋದು ಮರೆತ್ರು. ಅದು ಪಾಪ, ಬರ್ಕೊಂಡೇ ಹೋಯ್ತು. ಸಾಯಂಕಾಲ ನೋಡಿದ್ರೆ ದಂತವೈದ್ಯರು ಏರಿನಲ್ಲಿ ಗಂಟೆಗೆ ಎಪ್ಪತ್ತು!"

"ಅಬ್ಬಾ!"

"ಇಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಈ ತಪ್ಪು ಮಾಡೇ ಮಾಡ್ತಾರೆ. ಮಾಡಿದೋರು ಕ್ಲಬ್ಬಿಗೆಲ್ಲ ಚಹಾ ಕುಡಿಸಬೇಕು. ಅವರಿಗೆ ಒಂದು ವರ್ಷ 'ವಿಮಾನ' ಅಂತ ಹೆಸರು."

"ಅದೇ ಕಾರು ಗಂಟೆಗೆ ಹತ್ತರಲ್ಲಿ ಹೋಗಿದ್ರೆ?"

"ಆಗ ವೇಗ ನೋಡಿ ಗೊತ್ತಾಗಲ್ಲ. ಪೆಡಲ್ ಲೆಕ್ಕ ನೋಡಬೇಕು. ಕಾರಿನ ಮೇಲಿರೋ ಸೈಕಲ್ಲಿನ ಪೆಡಲ್ ಯಾರು ತುಳೀತಾರೆ? ಸೊನ್ನೆ ಬರುತ್ತೆ."

ಹೇಳಿದ ಮೇಲೆ ಅವರಿಗೆ ತಾವು ಎಲ್ಲಿಗೆ ಬಂದು ನಿಂತೆವು ಎಂದು ಹೊಳೆದಿರಬೇಕು. ಲ್ಯಾಪ್‌ಟಾಪ್ ಮುಚ್ಚಲು ಕೈ ಮುಂದೆ ಬಂತು. ಮೇಡಂ ತಮ್ಮ ಊರುಗೋಲನ್ನು ಅಡ್ಡ ಇಟ್ಟರು.

"ಮುಚ್ಚಬೇಡಿ. ಕೋಚ್ ಭಾನುವಾರ ಹೋದ ದಾರಿ ತೆಗೀರಿ."

"ಅದು ಪೊಲೀಸರ ಹತ್ರ ಇದೆ."

"ಪೊಲೀಸರ ಹತ್ರ ಎರಡು ಕಾಗದ ಇದೆ. ಒಂದು ಮ್ಯಾಪು, ಒಂದು ವೇಗ. ಆರೂ ಮೂವತ್ತೆರಡಕ್ಕೆ ಕೊನೆ ತಿರುವಲ್ಲಿ ಗೆರೆ ನಿಲ್ಲುತ್ತೆ, ಆದ್ದರಿಂದ ಆರೂ ಮೂವತ್ತೆರಡಕ್ಕೆ ಕೋಚ್ ಸತ್ರು ಅಂತ ಇನ್ಸ್‌ಪೆಕ್ಟರ್ ಹೇಳ್ತಾರೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಆಸ್ಪತ್ರೆ ಗೇಟಿನ ಕಾವಲುಗಾರ ಕಡ್ಡಿಯನ್ನ ಐದು ಗಂಟೆಯಿಂದ ಆರು ಗಂಟೆವರೆಗೆ ಕಣ್ಣಾರೆ ನೋಡಿದಾನೆ. ಸ್ಕೂಟರ್ ಮೇಲೆ ತಂಗಿಗೆ ಕಾಯ್ತಾ ಕೂತಿದ್ದನಂತೆ. ಆರು ಗಂಟೆಗೆ ಕಾವಲುಗಾರನ ಪಾಳಿ ಮುಗೀತು. ಅಲ್ಲಿಂದ ಬೆಟ್ಟಕ್ಕೆ ಇಪ್ಪತ್ತು ನಿಮಿಷ. 'ಟೈಮು ಧಾರಾಳ ಇತ್ತಲ್ಲ ಮೇಡಂ' ಅಂತ ನಗ್ತಾರೆ ಇನ್ಸ್‌ಪೆಕ್ಟರ್."

"ಅದಕ್ಕೆ ನಾನೇನು ಮಾಡ್ಲಿ?"

"ಕಡ್ಡಿಯನ್ನ ಲಾಕಪ್ಪಿನಲ್ಲಿ ಮಾತಾಡಿಸಿದೆ. 'ನಾನು ಬೇರೇನೂ ಮಾಡ್ಲಿಲ್ಲ ಮೇಡಂ, ಪೆಡಲಿಗೆ ತುಳಿತ ಎಣಿಸೋ ಒಂದು ಸೆನ್ಸರ್ ಹಾಕ್ಕೊಟ್ಟೆ ಅಷ್ಟೇ' ಅಂದ. ಜಗಳ ಆಗಿದ್ದೂ ಅದಕ್ಕೇ ಅಂತೆ. ಕೋಚ್ ಬೇಡ ಅಂದ್ರು, ನನ್ನ ಕಾಲಿನ ಲೆಕ್ಕ ನನಗೆ ಗೊತ್ತು ಅಂದ್ರು. ಇವನು ಒಂದು ವಾರ ಹಾಕ್ಕೊಂಡು ನೋಡಿ ಅಂತ ಹಟ ಹಿಡಿದ. ಕೊನೆಗೆ ಇವನೇ ಗೆದ್ದ. ಹೌದೋ ಅಲ್ವೋ?"

"ಶನಿವಾರ ಸಂಜೆ ನಾನು ಅಂಗಡೀಲಿ ಇರ್ಲಿಲ್ಲ" ಎಂದರು ಯಜಮಾನರು.

"ಕ್ಲಬ್ಬಿನೋರಿಗೆ ಬರೀ ಮ್ಯಾಪು ಕಾಣುತ್ತೆ. ಒಳಗಿನ ಅಂಕಿ ನೋಡೋ ಪಾಸ್‌ವರ್ಡ್ ಇರೋದು ಕೋಚ್ ಹತ್ರ, ಬಿಟ್ರೆ ನಿಮ್ಮ ಹತ್ರ. ನಾಲ್ಕು ಜನರ ಹತ್ರ ಕೇಳ್ಕೊಂಡೇ ಬಂದಿದೀನಿ. ತೆಗೀರಿ."

ಯಜಮಾನರು ಹೊರಗೆ ನೋಡಿದರು. ಬಾಗಿಲ ಮುಂದೆ ಅಂಗಡಿಯ ವ್ಯಾನು ನಿಂತಿತ್ತು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಸೈಕಲ್ ನಿಲ್ಲಿಸುವ ಕಬ್ಬಿಣದ ಚೌಕಟ್ಟು ಕಾಣುತ್ತಿತ್ತು. ಮೇಡಂ ಅದನ್ನು ಒಳಗೆ ಬರುವ ಮೊದಲೇ ಸುತ್ತುಹಾಕಿ ನೋಡಿದ್ದರು. ಚೊಕ್ಕಟವಾಗಿ ತೊಳೆದಿತ್ತು.

ಯಜಮಾನರು ಕುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಅಕ್ಷರ ಒತ್ತಿದರು. ಪರದೆಯ ಮೇಲೆ ನಾಲ್ಕು ಗೆರೆ ಬಂದವು. ಮೇಲಿನದು ಎತ್ತರ, ಅದರ ಕೆಳಗೆ ವೇಗ, ಆಮೇಲೆ ಪೆಡಲು, ಕೊನೆಯದು ಎದೆಬಡಿತ.

ಮೇಡಂ ಕನ್ನಡಕ ಏರಿಸಿಕೊಂಡು ಬಗ್ಗಿದರು. ಸುಟ್ಟ ಗೋದಾಮಿನ ಬೂದಿ ಕೆದಕುವಾಗಲೂ ಅವರು ಹೀಗೇ ಬಗ್ಗುತ್ತಿದ್ದರು.

"ನಿಧಾನಕ್ಕೆ ಓದಿ ಹೇಳಿ. ನಾನು ಬರ್ಕೋತೀನಿ."

"ಐದೂ ಐದಕ್ಕೆ ಮನೆಯಿಂದ ಹೊರಟಿದ್ದಾರೆ. ಪೆಡಲು ಎಂಬತ್ತೈದು, ಎದೆ ನೂರ ಇಪ್ಪತ್ತೆಂಟು. ಆರಾಮಾಗಿ ತುಳೀತಿದ್ದಾರೆ. ಐದೂ ಇಪ್ಪತ್ತಮೂರಕ್ಕೆ ಬೆಟ್ಟದ ಬುಡದ ಪಂಪ್‌ಹೌಸ್ ಹತ್ರ ನಿಂತಿದ್ದಾರೆ."

"ಅಲ್ಲಿ ನಿಲ್ಲೋದು ರೂಢೀನಾ?"

"ಇಲ್ಲ. ಅವರು ಏರಿನ ಮುಂಚೆ ಯಾವತ್ತೂ ನಿಲ್ಲೋರಲ್ಲ. ಯಾರೋ ಗುರುತಿನೋರು ಕೈ ತೋರ್ಸಿರಬೇಕು. ಎದೆ ನೂರಾ ಹತ್ತಕ್ಕೆ ಇಳಿದಿದೆ, ಮಾತಾಡ್ತಾ ನಿಂತೋರ ಹಾಗೆ. ಐದೂ ಇಪ್ಪತ್ನಾಲ್ಕಕ್ಕೆ..." ಅವರು ಗೆರೆಯ ಮೇಲೆ ಬೆರಳಿಟ್ಟರು. "ಒಂದೇ ಸಲ ನೂರಾ ಅರವತ್ತೆಂಟು. ಎರಡು ನಿಮಿಷ. ಆಮೇಲೆ ಏನೂ ಇಲ್ಲ."

ಖಾಲಿ ಗೆರೆ. ಒಬ್ಬ ಮನುಷ್ಯನ ಜೀವ ಹೋದದ್ದನ್ನು ಮೇಡಂ ವರದಿಗಳಲ್ಲಿ ಎಷ್ಟೋ ಸಲ ಓದಿದ್ದರು. ಹೀಗೆ ಸೆಕೆಂಡು ಸೆಕೆಂಡಾಗಿ ಎಂದೂ ನೋಡಿರಲಿಲ್ಲ.

"ಮುಂದೆ?"

"ಐದೂ ಮೂವತ್ತಮೂರಕ್ಕೆ ಸೈಕಲ್ಲು ಮತ್ತೆ ಹೊರಟಿದೆ. ಗಂಟೆಗೆ ಹತ್ತು, ಹತ್ತೂವರೆ, ಒಂಬತ್ತೂಮುಕ್ಕಾಲು. ಕೋಚ್ ಆ ಏರನ್ನ ಹತ್ತೋ ವೇಗ ಅಷ್ಟೇ. ಐವತ್ತೊಂಬತ್ತು ನಿಮಿಷ ಹಾಗೇ ಹೋಗಿ ಕೊನೆ ತಿರುವಲ್ಲಿ ನಿಂತಿದೆ."

"ಪೆಡಲು?"

"ಸೊನ್ನೆ."

"ಎಲ್ಲಿಂದ ಎಲ್ಲೀವರೆಗೆ?"

"ಬುಡದಿಂದ ತುದೀವರೆಗೂ ಸೊನ್ನೆ."

ಮೇಡಂ ಊರುಗೋಲಿನಿಂದ ನೆಲ ಕುಟ್ಟಿದರು. "ಅಲ್ಲಪ್ಪಾ! ತುಳಿಯದೇ ಬೆಟ್ಟ ಏರಿದ ಸೈಕಲ್ಲನ್ನ ನೋಡಿಯೂ ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ? ಯಾರೋ ಪಂಪ್‌ಹೌಸ್ ಹತ್ರ ಹೊಡೆದು ಕೆಡವಿದಾರೆ. ಹೆಣಾನೂ ಸೈಕಲ್ಲನ್ನೂ ಗಾಡೀಲಿ ಹಾಕ್ಕೊಂಡು, ಕೋಚ್ ಹತ್ತೋ ವೇಗದಲ್ಲೇ ಓಡಿಸಿ ಮೇಲೆ ತಗೊಂಡು ಹೋಗಿ ತಳ್ಳಿದಾರೆ. ಶನಿವಾರ ಸಂಜೆ ಹಾಕಿದ ಸೆನ್ಸರ್ ವಿಷಯ ಅವರಿಗೆ ಗೊತ್ತಿರಲಿಲ್ಲ. ಐದೂ ಇಪ್ಪತ್ನಾಲ್ಕಕ್ಕೆ ಕಡ್ಡಿ ಆಸ್ಪತ್ರೆ ಗೇಟಲ್ಲಿದ್ದ. ಮುಗೀತು! ನೀವು ಯಾವಾಗ ನೋಡಿದ್ದು ಇದನ್ನ?"

"ಸೋಮವಾರ."

"ಇವತ್ತು ಗುರುವಾರ! ನಿಮ್ಮ ಅಂಗಡೀಲಿ ಎಂಟು ವರ್ಷ ಮೈ ಮುರಿದು ದುಡಿದ ಹುಡುಗ ಮೂರು ದಿನದಿಂದ ಲಾಕಪ್ಪಿನ ನೆಲದ ಮೇಲೆ ಮಲಗಿದಾನೆ. ನಿಮಗೆ ಊಟ ಹೇಗೆ ಸೇರ್ತು?"

"ಸೇರ್ಲಿಲ್ಲ" ಎಂದರು ಯಜಮಾನರು. "ನೀವು ನಾಲ್ಕನೇ ಗೆರೆ ನೋಡ್ಲಿಲ್ಲ."

ಮೇಡಂ ಮತ್ತೆ ಬಗ್ಗಿದರು. ಎದೆಬಡಿತದ ಗೆರೆ ಖಾಲಿಯಾಗಿತ್ತು, ನಿಜ. ಆದರೆ ಐದೂ ಮೂವತ್ತಮೂರಕ್ಕೆ ಅದು ಮತ್ತೆ ಶುರುವಾಗಿತ್ತು. ಐವತ್ತು. ಐವತ್ತೊಂದು. ನಲವತ್ತೊಂಬತ್ತು. ಬೆಟ್ಟದ ತುದಿಯವರೆಗೂ ಅಷ್ಟೇ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ.

"ಅಯ್ಯೋ ದೇವರೇ. ಬದುಕಿದ್ರಾ?"

"ಪೊಲೀಸರೂ ಅದನ್ನೇ ಕೇಳ್ತಾರೆ. ಪಳಗಿದ ಸವಾರರ ಎದೆ ಸುಮ್ಮನೆ ಮಲಗಿದಾಗ ಐವತ್ತೇ ಬಡಿಯೋದು. ಕೋಚ್ ಎಚ್ಚರ ತಪ್ಪಿ ಬಿದ್ದಿದ್ರು, ಆರೂವರೆವರೆಗೂ ಜೀವ ಇತ್ತು, ತುದೀಲಿ ಕಡ್ಡಿ ಬಂದು ಮುಗಿಸಿದ ಅಂತಾರೆ. ನಿಮ್ಮ ಐದೂ ಇಪ್ಪತ್ನಾಲ್ಕು ನೀರಲ್ಲಿ ಹೋಮ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಮೇಡಂ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು. ಠಾಣೆಗೆ ಆಟೋದಲ್ಲಿ ಹೋದರೂ ಕಾಲು ಗಂಟೆ ಬೇಕು.

ಆದರೆ ಈ ಮನುಷ್ಯ 'ಪೊಲೀಸರು ಹಾಗಂತಾರೆ' ಎಂದನೇ ಹೊರತು 'ಹಾಗೆ ಆಯಿತು' ಎನ್ನಲಿಲ್ಲ.

"ಯಜಮಾನ್ರೇ, ಏಳು ನಿಮಿಷ ನಿಂತುಹೋದ ಎದೆ ಮತ್ತೆ ಬಡಿಯಲ್ಲ. ಇದು ಬೇರೆ ಎದೆ. ಹೌದಾ?"

ಯಜಮಾನರು ಹೊರಗೆ ತೆಗೆದಿಟ್ಟ ಪೆಟ್ಟಿಗೆಗಳನ್ನು ಸರಿಯಾಗಿ ಜೋಡಿಸತೊಡಗಿದರು.

"ಬೇರೆ ಎದೆ ಇದರೊಳಗೆ 'ಹೇಗೆ' ಬಂತು, ಅದನ್ನ ಹೇಳಿ."

"ಎದೆಗೆ ಕಟ್ಕೊಳ್ಳೋ ಬೆಲ್ಟಿದೆಯಲ್ಲ, ಅದರಿಂದ ಲೆಕ್ಕ ಬರೋದು" ಎಂದರು ಯಜಮಾನರು ಕೊನೆಗೆ. "ಈ ಯಂತ್ರ ಒಂದು ಸಲ ಪರಿಚಯ ಆದ ಬೆಲ್ಟನ್ನ ಮರೆಯಲ್ಲ. ತನ್ನ ಬೆಲ್ಟಿನ ಸುದ್ದಿ ನಿಂತುಹೋದ್ರೆ ಹತ್ತಿರದಲ್ಲಿ ಗೊತ್ತಿರೋ ಬೇರೆ ಬೆಲ್ಟು ಇದೆಯಾ ಅಂತ ಹುಡುಕುತ್ತೆ. ಸಿಕ್ರೆ ಅದರದ್ದೇ ಬರ್ಕೊಳ್ಳೋಕೆ ಶುರು ಮಾಡುತ್ತೆ. ಗಾಡಿ ಓಡಿಸ್ತಿದ್ದೋರು ಬೆಲ್ಟ್ ಕಟ್ಕೊಂಡಿದ್ರು."

"ಗಾಡಿ ಓಡಿಸೋಕೆ ಬೆಲ್ಟ್ ಯಾಕೆ?"

"ಆಮೇಲೆ ತಾವೂ ತುಳಿಯೋಕೆ ಹೋಗೋರು ಮನೇಲೇ ಕಟ್ಕೊಂಡು ಹೊರಡ್ತಾರೆ. ಎಲ್ಲರಿಗೂ ಅದೇ ಅಭ್ಯಾಸ. ಒದ್ದೆ ಮಾಡಿ ಕಟ್ಟಬೇಕು, ರಸ್ತೇಲಿ ಅಂಗಿ ಬಿಚ್ಚೋಕಾಗಲ್ಲ."

"ಯಾವ ಬೆಲ್ಟು ಅಂತ ಗೊತ್ತಾಗುತ್ತಾ?"

"ನಂಬರ್ ಬರ್ಕೊಂಡಿದೆ. ಎರಡು ನಂಬರೂ ಇದೆ, ಮೊದಲಿನದ್ದು, ಎರಡನೇದ್ದು." ಯಜಮಾನರು ಹಣೆ ಒರೆಸಿಕೊಂಡರು. "ಎರಡನೇದ್ದು ನನ್ನ ಗ್ಯಾರಂಟಿ ರಿಜಿಸ್ಟರಲ್ಲಿದೆ. ಮೇಡಂ, ನನ್ನ ಮಾತು ಕೇಳಿ. ಅದನ್ನ ನೋಡಬೇಡಿ. ಒಂದು ಪೆಟ್ಟಿಗೆ ತಗೊಂಡು ಮನೆಗೆ ಹೋಗಿ."

ಮೇಡಂ ಕೈ ಚಾಚಿದರು. ಮೂವತ್ತು ವರ್ಷ 'ನೋಡಬೇಡಿ' ಎಂದವರ ಕಡತವನ್ನೇ ಮೊದಲು ನೋಡಿದವರು ಅವರು.

ರಿಜಿಸ್ಟರು ಉದ್ದನೆಯದು, ರಟ್ಟಿನ ಮೂಲೆಗೆ ಗ್ರೀಸ್ ಮೆತ್ತಿತ್ತು. ಪರದೆಯ ಮೇಲಿನ ನಂಬರಿನ ಕೊನೆಯ ನಾಲ್ಕು ಅಂಕಿ ಹಿಡಿದು ಬೆರಳು ಓಡಿಸುತ್ತಾ ಹೋದರು. ಎರಡು ತಿಂಗಳ ಹಿಂದಿನ ಪುಟದಲ್ಲಿ ಬೆರಳು ನಿಂತಿತು. ಕಡ್ಡಿಯದೇ ಕೈಬರಹ. 'ನನ್ನ ತಂಗಿಗೆ' ಎಂದು ಬರೆದು, ಪಕ್ಕದಲ್ಲಿ ಆಸ್ಪತ್ರೆಯ ಫೋನ್ ನಂಬರು ಹಾಕಿದ್ದ.

"ಕೋಚ್ ಬೆಲ್ಟು ಹೋದ ತಿಂಗಳು ಕೆಟ್ಟಿತ್ತು" ಎಂದರು ಯಜಮಾನರು ಮೆಲ್ಲಗೆ. "ಒಂದು ದಿನದ ಮಟ್ಟಿಗೆ ಕಡ್ಡಿ ತನ್ನ ತಂಗಿ ಬೆಲ್ಟನ್ನ ಕೊಟ್ಟಿದ್ದ. ಹಾಗೆ ಪರಿಚಯ ಆಯ್ತು. ಈಗ ಗೊತ್ತಾಯ್ತಾ ನಾನ್ಯಾಕೆ ಸುಮ್ಮನಿದ್ದೆ ಅಂತ? ಅಣ್ಣನ್ನ ಬಿಡಿಸಬೇಕಾದ್ರೆ ಆ ಎದೆ ಕೋಚ್‌ದಲ್ಲ ಅಂತ ತೋರಿಸಬೇಕು. ತೋರಿಸೋಕೆ ಈ ನಂಬರು ಬೇಕು. ನಂಬರು ತಂಗೀದು."

ಆ ಹುಡುಗಿ ಕೈ ಹಿಡಿದುಕೊಂಡು ಅತ್ತದ್ದು ಮೇಡಂಗೆ ನೆನಪಾಯಿತು. ಅವಳ ಪಾಳಿ ಮುಗಿಯುವುದು ಐದು ಗಂಟೆಗೆ. ಹಾಗಿದ್ದರೆ ಕಡ್ಡಿ ಆರರವರೆಗೂ ಗೇಟಿನಲ್ಲಿ ಯಾಕೆ ಕಾಯುತ್ತಿದ್ದ? ಅವಳು ಹೊರಗೆ ಬಂದದ್ದನ್ನು ಕಾವಲುಗಾರ ನೋಡಿಯೇ ಇರಲಿಲ್ಲ. ಇದನ್ನು ಕೇಳಬೇಕೆಂದು ತಮಗೆ ಇಷ್ಟು ದಿನ ಹೊಳೆಯದೇ ಹೋಯಿತಲ್ಲ ಎಂದು ಮೇಡಂ ತುಟಿ ಕಚ್ಚಿದರು. ಅಳುವವರ ಮಾತನ್ನು ಅಳೆದು ನೋಡಬೇಕು ಎಂದು ಹೊಸಬರಿಗೆಲ್ಲ ಪಾಠ ಹೇಳಿದವರು ತಾವೇ.

ಇದ್ದದ್ದು ಇದ್ದ ಹಾಗೆ ಕೇಳಿಬಿಡುವುದೇ ವಾಸಿ. ಫೋನ್ ತೆಗೆದು ಅವಳ ಮೊಬೈಲ್ ನಂಬರು ಒತ್ತಿದರು. ಮೊದಲ ಗಂಟೆಗೇ ನರ್ಸು ಎತ್ತಿದಳು.

"ಮೇಡಂ! ಏನಾದ್ರೂ ಸಿಕ್ತಾ? ನಾನು ಠಾಣೇಲೇ ಇದೀನಿ. ವ್ಯಾನ್ ತಂದು ನಿಲ್ಸಿದಾರೆ, ಅಣ್ಣನ್ನ ಈಗ್ಲೋ ಆಗ್ಲೋ ಕರ್ಕೊಂಡು ಹೋಗ್ತಾರೆ."

"ತಾಳಮ್ಮಾ. ಎರಡೇ ಪ್ರಶ್ನೆ. ಭಾನುವಾರ ನಿನ್ನ ಪಾಳಿ ಐದಕ್ಕೇ ಮುಗೀತು. ಆರರವರೆಗೂ ಎಲ್ಲಿದ್ದೆ?"

"ಆಪರೇಷನ್ ಥಿಯೇಟರಲ್ಲಿ ಮೇಡಂ. ಬಸ್ಸಿಗೆ ಸಿಕ್ಕಿದ ಒಬ್ಬರನ್ನ ತಂದ್ರು, ಡಾಕ್ಟರು ನಿಲ್ಲು ಅಂದ್ರು. ಆರೂ ಹತ್ತಕ್ಕೆ ಬಿಟ್ರು. ಬೇಕಾದ್ರೆ ಆರು ಜನರನ್ನ ಕೇಳಿ."

ಮೇಡಂ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ಇನ್ನೊಂದು ಪ್ರಶ್ನೆ ಉಳಿದಿತ್ತು.

"ನಿನ್ನ ಎದೆ ಬೆಲ್ಟು ಎಲ್ಲಿದೆ?"

"ಅದಾ? ಶುಕ್ರವಾರ ಅಂಗಡಿಗೆ ಕೊಟ್ಟೆ ಮೇಡಂ, ಸೆಲ್ ಹಾಕ್ಸೋಕೆ. ಹಾಕಿ ಮೊಳೆಗೆ ನೇತುಹಾಕಿದೀನಿ, ಸೋಮವಾರ ತರ್ತೀನಿ ಅಂದಿದ್ದ ಅಣ್ಣ. ಆಮೇಲೆ ಇದೆಲ್ಲಾ ಆಗೋಯ್ತಲ್ಲ. ಯಾಕೆ ಮೇಡಂ?"

"ಹೇಳ್ತೀನಿ. ಅಲ್ಲೇ ಇರು. ಇನ್ಸ್‌ಪೆಕ್ಟರಿಗೆ ಹೇಳು, ವಿಮೆ ಮೇಡಂ ಕಾಗದ ತರ್ತಿದಾರೆ ಅಂತ."

ಫೋನ್ ಇಟ್ಟು ಮೇಡಂ ಅಂಗಡಿಯ ಹಿಂಭಾಗಕ್ಕೆ ನೋಡಿದರು. ರಿಪೇರಿ ಜಾಗದ ಗೋಡೆಯಲ್ಲಿ ಉದ್ದಕ್ಕೂ ಮೊಳೆಗಳು. ಒಂದೊಂದರಲ್ಲೂ ಚೀಟಿ ಕಟ್ಟಿದ ಸಾಮಾನು: ಟ್ಯೂಬು, ಚೈನು, ಎರಡು ಬೆಲ್ಟು. ಒಂದು ಮೊಳೆ ಖಾಲಿ. ಅದರಲ್ಲಿ ಚೀಟಿ ಮಾತ್ರ ನೇತಾಡುತ್ತಿತ್ತು.

ಅವರು ನಿಧಾನವಾಗಿ ಯಜಮಾನರ ಕಡೆ ತಿರುಗಿದರು. ಸಿಟ್ಟು ನೆತ್ತಿಗೇರಿತ್ತು, ಆದರೆ ದನಿ ಏರಲಿಲ್ಲ.

"ಆ ಹುಡುಗೀಗೆ ಬೆಲ್ಟು ಕಟ್ಟಿ ತೋರಿಸಿದ್ದು ಇದೇ ಅಂಗಡೀಲಿ. ಸುಮ್ಮನೆ ಕೂತಾಗ ಅವಳ ಎದೆ ಎಷ್ಟು ಬಡೀತಿತ್ತು?"

"ಎಂಬತ್ತು, ಎಂಬತ್ತೆರಡು."

"ಈ ಎದೆ ಐವತ್ತು. ಅವಳದಲ್ಲ ಅಂತ ನಿಮಗೆ ಸೋಮವಾರವೇ ಗೊತ್ತಿತ್ತು. ಗೊತ್ತಿದ್ದೂ ಅವಳನ್ನ ಗುರಾಣಿ ಮಾಡ್ಕೊಂಡು ಅದರ ಹಿಂದೆ ನಿಂತ್ರಿ. ಛೀ! ನಾಚಿಕೆ ಆಗಬೇಕು ನಿಮಗೆ."

ಯಜಮಾನರು ತಲೆ ತಗ್ಗಿಸಿದರು. ಮೇಡಂ ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ಎರಡೂ ಇಪ್ಪತ್ತೈದು. ಚೀಲದಿಂದ ಬಿಳಿ ಹಾಳೆ ತೆಗೆದು ಅಲ್ಲೇ ಕಪಾಟಿನ ಗಾಜಿನ ಮೇಲೆ ಬರೆದರು. ಐದೂ ಇಪ್ಪತ್ತಾರರ ನಂತರ ಕೋಚ್ ಬೆಲ್ಟಿನಿಂದ ಬಡಿತವಿಲ್ಲ, ಐದೂ ಮೂವತ್ತಮೂರರಿಂದ ಬಂದ ಬಡಿತ ಬೇರೆ ಬೆಲ್ಟಿನದು, ಆ ಬೆಲ್ಟು ಶುಕ್ರವಾರದಿಂದ ಈ ಅಂಗಡಿಯಲ್ಲಿತ್ತು, ಪೆಡಲು ಒಂದು ಸಲವೂ ತಿರುಗಿಲ್ಲ, ಸೈಕಲ್ಲು ವಾಹನದಲ್ಲಿ ಹೋಗಿದೆ. ಬರೆದು ಪೆನ್ನಿನ ಸಮೇತ ಹಾಳೆಯನ್ನು ಮುಂದಕ್ಕೆ ತಳ್ಳಿದರು. ಈ ವಿದ್ಯೆ ಬಲ್ಲವರ ಸಹಿ ಇಲ್ಲದ ಕಾಗದವನ್ನು ಮುಟ್ಟುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಮೊದಲೇ ಹೇಳಿದ್ದರು. ಆ ವಿದ್ಯೆ ಬಲ್ಲವರು ಊರಿನಲ್ಲಿ ಇಬ್ಬರೇ. ಒಬ್ಬರನ್ನು ಮಂಗಳವಾರ ಮಣ್ಣು ಮಾಡಿಯಾಗಿತ್ತು.

ಯಜಮಾನರು ಹಾಳೆಯನ್ನು ಎರಡು ಸಲ ಓದಿದರು. 'ಈ ಅಂಗಡಿಯಲ್ಲಿತ್ತು' ಎಂಬ ಸಾಲಿಗೆ ಬಂದಾಗ ತುಟಿ ಅಲುಗಿತು. ಮೇಡಂ ಊರುಗೋಲನ್ನು ಬಿಗಿಯಾಗಿ ಹಿಡಿದರು. ಈಗ ಈತ ಹಾಳೆ ಹರಿದು ಎಸೆದರೆ ತಾವು ಮಾಡುವುದೇನೂ ಇಲ್ಲ. ಠಾಣೆಯ ಮುಂದೆ ಪೊಲೀಸ್ ವ್ಯಾನು ನಿಂತಿದೆ.

ಅವರು ಸಹಿ ಹಾಕಿದರು. ಡ್ರಾಯರಿನಿಂದ ಅಂಗಡಿಯ ಮೊಹರು ತೆಗೆದು, ಮಸಿಗೆ ಒತ್ತಿ, ಸಹಿಯ ಪಕ್ಕಕ್ಕೆ ಗಟ್ಟಿಯಾಗಿ ಒತ್ತಿದರು.

"ತಗೊಳ್ಳಿ. ಹುಡುಗನ್ನ ಬಿಡಿಸ್ಕೊಳ್ಳಿ. ಇದನ್ನ ಸೋಮವಾರವೇ ಮಾಡಬೇಕಾಗಿತ್ತು, ಹೆದರಿದೆ." ಹಾಳೆ ಮೇಡಂ ಕೈಗೆ ಬಂತು. ಅವರು ಬಾಗಿಲ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಯಜಮಾನರು ಮತ್ತೆ ಕರೆದರು. "ಒಂದು ನಿಮಿಷ ಮೇಡಂ. ನೀವು ಹೋದ ಮೇಲೆ ಯಾರೋ ಬಂದು ನನ್ನನ್ನ ಕೇಳೋದಕ್ಕಿಂತ ನೀವೇ ನೋಡಿಬಿಡಿ."

ಅವರು ಅಂಗಿಯ ತೋಳು ಮೊಣಕೈವರೆಗೆ ಮಡಚಿ, ಎಡಗೈಯನ್ನು ಗಾಜಿನ ಮೇಲೆ ಅಂಗಾತ ಚಾಚಿದರು. ಅರವತ್ತರ ಹತ್ತಿರದ ಮನುಷ್ಯ, ಆದರೆ ಮುಂಗೈ ಹಗ್ಗ ಹೊಸೆದ ಹಾಗೆ ಗಟ್ಟಿಯಾಗಿತ್ತು.

"ಎಣಿಸಿ."

ಮೇಡಂ ಒಂದು ಕೈಯಲ್ಲಿ ಹಾಳೆ ಹಿಡಿದುಕೊಂಡೇ ಇನ್ನೊಂದು ಕೈಯ ಎರಡು ಬೆರಳನ್ನು ಆ ಮಣಿಕಟ್ಟಿನ ಮೇಲಿಟ್ಟರು. ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ಎಣಿಸಿದರು. ಅರ್ಧ ನಿಮಿಷಕ್ಕೆ ಇಪ್ಪತ್ತೈದು.

"ನಮ್ಮ ಕ್ಲಬ್ಬಲ್ಲಿ ಇಂಥ ಎದೆ ಇದ್ದಿದ್ದು ಕೋಚ್‌ಗೆ, ನನಗೆ" ಎಂದರು ಯಜಮಾನರು. "ವ್ಯಾನು ನಂದು. ಬೆಲ್ಟು ಇದ್ದ ಮೊಳೆ ನಂದು. ಸೆನ್ಸರ್ ಹಾಕಿದಾಗ ಅಂಗಡೀಲಿ ಇಲ್ಲದೇ ಇದ್ದೋನೂ ನಾನೇ. ಇಷ್ಟೆಲ್ಲಾ ಗೊತ್ತಿದ್ದೂ ಸಹಿ ಹಾಕಿದೀನಿ."

ಅವರು ಮುಖವೆತ್ತಿ ಮೇಡಂ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ಆದ್ರೆ ಕೋಚ್‌ನ ಕೊಂದಿದ್ದು ನಾನಲ್ಲ ಮೇಡಂ."

ಮೂವತ್ತು ವರ್ಷದಲ್ಲಿ ಈ ಮಾತನ್ನು ಎಷ್ಟೋ ಬಾಯಿಂದ ಕೇಳಿದ್ದರು ಮೇಡಂ. ನಿಜ ಹೇಳುವವರ ನಾಡಿಯೂ ಆ ಮಾತಿನ ಹೊತ್ತಿಗೆ ಒಂದಿಷ್ಟು ಓಡುತ್ತದೆ, ಸುಳ್ಳು ಹೇಳುವವರದ್ದಂತೂ ಕುದುರೆಯಾಗುತ್ತದೆ.

ಅವರ ಬೆರಳ ಕೆಳಗಿನ ನಾಡಿ, ಬೆಟ್ಟದ ತುದಿಯವರೆಗೂ ಐವತ್ತೇ ಬಡಿದ ಆ ಎದೆಯ ಹಾಗೆ, ಒಂದೇ ಒಂದು ಬಡಿತದಷ್ಟೂ ಏರಲಿಲ್ಲ.